ಮೊಡವೆಯ ಮುಖಕ್ಕೆ ಎಷ್ಟು ಹುಳಿ?

ಆಮ್ಲೀಯತೆಯನ್ನು ಅಳೆಯುವ ಅಂಕಿಗೆ ಪಿಎಚ್ ಎನ್ನುತ್ತಾರೆ; ನಿಂಬೆರಸದ ಪಿಎಚ್ 2ರಿಂದ 2.6ರ ಒಳಗೆ ಇರುತ್ತದೆ. ಮುಖಕ್ಕೆ ಹಚ್ಚಿಕೊಳ್ಳಲೆಂದು ಮಾರುವ ಗ್ಲೈಕಾಲಿಕ್ ಆಮ್ಲದ ಸೀರಮ್ ಸರಿಯಾಗಿ ತಯಾರಾಗಿದ್ದರೆ ಅದರ ಪಿಎಚ್ 3.5ಕ್ಕಿಂತ ಕೆಳಗೆ ಇಳಿಯಬಾರದು. ಪಿಎಚ್ ಒಂದು ಅಂಕ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುತ್ತದೆ ಎಂಬುದನ್ನು ಗಮನದಲ್ಲಿಟ್ಟುಕೊಂಡು ಲೆಕ್ಕ ಹಾಕಿದರೆ, ಅಡುಗೆಮನೆಯ ನಿಂಬೆಹೋಳು ಆ ಬಾಟಲಿಗಿಂತ ಎಂಟರಿಂದ ಮೂವತ್ತು ಪಟ್ಟು ಹೆಚ್ಚು ಆಮ್ಲೀಯ. ಆದರೂ ನಮ್ಮ ಮನೆಗಳಲ್ಲಿ ಎಲ್ಲರೂ ಹೆದರುವುದು ಬಾಟಲಿಯ ಮೇಲೆ ಅಚ್ಚಾಗಿರುವ ಆಸಿಡ್ ಎಂಬ ಪದಕ್ಕೆ. ನಿಂಬೆಹೋಳನ್ನು ಯಾರೂ ಅನುಮಾನದಿಂದ ನೋಡುವುದಿಲ್ಲ.

ಪದವಿಪೂರ್ವ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುವ ನನ್ನನ್ನು ಹುಡುಗಿಯರು ಮೊಡವೆಯ ಬಗ್ಗೆ ಕೇಳುವುದಕ್ಕೆ ಎರಡು ಕಾರಣಗಳಿವೆ. ಆಮ್ಲಗಳ ಪಾಠ ಮಾಡುವವಳು ನಾನು ಎಂಬುದು ಒಂದು. ನನ್ನ ಗದ್ದದ ಮೇಲೆ ಈಗಲೂ ಆಗಾಗ ಮೊಡವೆ ಏಳುವುದು ಅವರ ಕಣ್ಣಿಗೆ ಬೀಳುತ್ತದೆ ಎಂಬುದು ಇನ್ನೊಂದು. ಹದಿನಾರರ ಮೊಡವೆ ಇಪ್ಪತ್ತಕ್ಕೆ ತಾನೇ ಹೋಗುತ್ತದೆ ಎಂದು ಹಿರಿಯರು ಕೊಡುವ ಭರವಸೆ ಎಲ್ಲರ ಪಾಲಿಗೂ ನಿಜವಾಗುವುದಿಲ್ಲ. ಹೆಂಗಸರಲ್ಲಿ ಮೂವತ್ತು ದಾಟಿದ ಮೇಲೂ, ಅದರಲ್ಲೂ ದವಡೆ ಮತ್ತು ಗದ್ದದ ಸುತ್ತ, ಅದು ಮುಂದುವರಿಯುವುದು ಅಪರೂಪವೇನಲ್ಲ. ಹೀಗಾಗಿ ಹಣ್ಣಿನ ಆಮ್ಲಗಳ ವಿಷಯ ನನಗೆ ಪಾಠವೂ ಹೌದು, ಸ್ವಂತ ವ್ಯವಹಾರವೂ ಹೌದು.

ಒಮ್ಮೆ ಪ್ರಾಯೋಗಿಕ ತರಗತಿಯ ಕೊನೆಯಲ್ಲಿ ಸಮಯ ಉಳಿದಿದ್ದಾಗ ಹುಡುಗಿಯರು ತಾವೇ ತಂದಿದ್ದ ವಸ್ತುಗಳ ಪಿಎಚ್ ನೋಡಲು ಕುಳಿತರು. ಒಂದು ಹೋಳು ನಿಂಬೆ, ನೀರಿನಲ್ಲಿ ನೆನೆಹಾಕಿದ ಹುಣಸೆಹಣ್ಣು, ಕ್ಯಾಂಟೀನಿನಿಂದ ತಂದ ಮೊಸರು, ಕೈ ತೊಳೆಯುವ ಸೋಪಿನ ನೀರು, ಮತ್ತು ಒಬ್ಬಳ ಬ್ಯಾಗಿನೊಳಗಿದ್ದ ಗ್ಲೈಕಾಲಿಕ್ ಸೀರಮ್. ಹುಣಸೆ ನೀರಿನ ಕಂದು ಬಣ್ಣವೇ ಕಾಗದಕ್ಕೆ ಹತ್ತಿ ಗೊಂದಲವಾಗುತ್ತದೆ, ಆದ್ದರಿಂದ ಅದನ್ನು ಮೊದಲು ಸೋಸು ಕಾಗದದಲ್ಲಿ ಸೋಸಬೇಕಾಯಿತು. ಸೀರಮ್ ಅಂಟಾಗಿದ್ದರಿಂದ ಗಾಜಿನ ಕಡ್ಡಿಯಲ್ಲಿ ಒಂದು ತೊಟ್ಟು ತಾಗಿಸಿ, ಮೇಲೆ ನಿಂತದ್ದನ್ನು ಒರೆಸಿ ತೆಗೆದ ಮೇಲೆ ಬಣ್ಣ ಕಾಣಿಸಿತು. ಬಿಳಿ ಟೈಲ್ ಮೇಲೆ ಪಟ್ಟಿಗಳನ್ನು ಸಾಲಾಗಿ ಇಟ್ಟಾಗ ನಿಂಬೆಯದು ಕಡುಗೆಂಪು, ಹುಣಸೆಯದು ಅದಕ್ಕಿಂತ ಕೊಂಚ ತಿಳಿ, ಸೀರಮ್‌ನದು ಕಿತ್ತಳೆ, ಮೊಸರಿನದು ಹಳದಿಗೆ ತಿರುಗಿದ ಕಿತ್ತಳೆ, ಸೋಪಿನ ನೀರಿನದು ನೀಲಿ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬಳು ಕೇಳಿದಳು: “ಹಾಗಾದ್ರೆ ನಿಂಬೆಹಣ್ಣೇ ಜಾಸ್ತಿ ಸ್ಟ್ರಾಂಗ್ ಅಲ್ವಾ ಮಿಸ್? ಅದೇ ಬೇಗ ಕೆಲಸ ಮಾಡಬೇಕಲ್ವಾ?”

ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹೇಳಬೇಕಾದರೆ ಈ ಆಮ್ಲಗಳು ಚರ್ಮದ ಮೇಲೆ ಮಾಡುವ ಕೆಲಸ ಯಾವುದು ಎಂಬಲ್ಲಿಂದ ಆರಂಭಿಸಬೇಕಾಗುತ್ತದೆ.

ಹಣ್ಣಿನ ಆಮ್ಲಗಳು ಎಂದು ಕರೆಸಿಕೊಳ್ಳುವ ಗುಂಪಿಗೆ ರಸಾಯನಶಾಸ್ತ್ರದಲ್ಲಿ ಆಲ್ಫಾ ಹೈಡ್ರಾಕ್ಸಿ ಆಮ್ಲಗಳು ಎಂದು ಹೆಸರು. ನಿಂಬೆ, ಕಿತ್ತಳೆಯ ಸಿಟ್ರಿಕ್ ಆಮ್ಲ, ಸೇಬಿನ ಮಾಲಿಕ್ ಆಮ್ಲ, ಹುಣಸೆ ಮತ್ತು ದ್ರಾಕ್ಷಿಯ ಟಾರ್ಟಾರಿಕ್ ಆಮ್ಲ, ಕಬ್ಬಿನಲ್ಲಿರುವ ಗ್ಲೈಕಾಲಿಕ್ ಆಮ್ಲ, ಕಹಿ ಬಾದಾಮಿಯ ಮೂಲದ ಮ್ಯಾಂಡೆಲಿಕ್ ಆಮ್ಲ, ಹಣ್ಣಿಗೆ ಸಂಬಂಧವಿಲ್ಲದಿದ್ದರೂ ಇದೇ ಕುಟುಂಬಕ್ಕೆ ಸೇರಿದ ಮೊಸರಿನ ಲ್ಯಾಕ್ಟಿಕ್ ಆಮ್ಲ, ಇವೆಲ್ಲವೂ ಇದರೊಳಗೆ ಬರುತ್ತವೆ. ಇವುಗಳಲ್ಲಿ ನಾಲ್ಕನ್ನು ಮೊದಲಿಗೆ ಬೇರ್ಪಡಿಸಿದವನು ಒಬ್ಬನೇ ಮನುಷ್ಯ, ಸ್ವೀಡನ್ನಿನಲ್ಲಿ ಔಷಧದಂಗಡಿ ನಡೆಸುತ್ತಿದ್ದ ಕಾರ್ಲ್ ವಿಲ್‌ಹೆಲ್ಮ್ ಶೀಲೆ. 1769ರಲ್ಲಿ ಟಾರ್ಟಾರಿಕ್, 1780ರಲ್ಲಿ ಹುಳಿ ಹಾಲಿನಿಂದ ಲ್ಯಾಕ್ಟಿಕ್, 1784ರಲ್ಲಿ ನಿಂಬೆರಸದಿಂದ ಸಿಟ್ರಿಕ್, ಮರುವರ್ಷ ಸೇಬಿನ ರಸದಿಂದ ಮಾಲಿಕ್. ಸಿಟ್ರಿಕ್ ಆಮ್ಲವನ್ನು ತೆಗೆಯುವ ವಿಧಾನವಂತೂ ಇಂದಿನ ಪಿಯುಸಿ ವಿದ್ಯಾರ್ಥಿಗೂ ಅರ್ಥವಾಗುವಷ್ಟು ಸರಳ: ನಿಂಬೆರಸಕ್ಕೆ ಸುಣ್ಣ ಹಾಕಿ ಕ್ಯಾಲ್ಸಿಯಂ ಸಿಟ್ರೇಟನ್ನು ತಳಕ್ಕೆ ಇಳಿಸುವುದು, ಅದನ್ನು ಗಂಧಕಾಮ್ಲದಿಂದ ಬಿಡಿಸುವುದು.

ಈಗ ಈ ಆಮ್ಲಗಳನ್ನು ಹಣ್ಣಿನಿಂದ ತೆಗೆಯುವವರು ಬಹಳ ಕಡಿಮೆ. ಸಿಟ್ರಿಕ್ ಆಮ್ಲ ಬರುವುದು ಆಸ್ಪರ್ಜಿಲಸ್ ನೈಜರ್ ಎಂಬ ಕಪ್ಪು ಬೂಷ್ಟಿಗೆ ಸಕ್ಕರೆ ಉಣಿಸಿ ನಡೆಸುವ ಹುದುಗುವಿಕೆಯಿಂದ. 1917ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಜೇಮ್ಸ್ ಕರಿ ಈ ದಾರಿ ತೋರಿಸಿದ ಮೇಲೆ ಇಟಲಿಯ ನಿಂಬೆತೋಟಗಳ ಹಿಡಿತ ತಪ್ಪಿತು. ಗ್ಲೈಕಾಲಿಕ್ ಆಮ್ಲದ ಬಹುಪಾಲು ಕಾರ್ಖಾನೆಯಲ್ಲಿ ಫಾರ್ಮಾಲ್ಡಿಹೈಡ್‌ನಿಂದಲೋ ಕ್ಲೋರೋಅಸಿಟಿಕ್ ಆಮ್ಲದಿಂದಲೋ ತಯಾರಾಗುತ್ತದೆಯೇ ಹೊರತು ಮಂಡ್ಯದ ಕಬ್ಬಿನ ಗದ್ದೆಯಿಂದಲ್ಲ. ಡಬ್ಬಿಯ ಮೇಲೆ ಕಬ್ಬಿನ ಜಲ್ಲೆಯ, ಸೇಬಿನ ಚಿತ್ರ ಬರೆಸುವವರ ಮೇಲೆ ನನಗೆ ಇರುವ ಅಸಮಾಧಾನ ಇಷ್ಟೇ: ಅಣು ಎಲ್ಲಿಂದ ಬಂದರೂ ಅದೇ ಅಣು, ಕಾರ್ಖಾನೆಯದೆಂದು ಅದಕ್ಕೆ ಕುಂದಿಲ್ಲ, ಹಣ್ಣಿನದೆಂದು ಹಿರಿಮೆಯೂ ಇಲ್ಲ, ಹಾಗಿರುವಾಗ ಆ ಚಿತ್ರ ಗ್ರಾಹಕರಿಗೆ ಹೇಳುತ್ತಿರುವುದು ಏನನ್ನು? ಅದರ ಬದಲು ಪಿಎಚ್ ಎಷ್ಟು ಎಂದು ಒಂದು ಸಾಲು ಅಚ್ಚು ಹಾಕಿದ್ದರೆ ಉಪಯೋಗವಾಗುತ್ತಿತ್ತು.

ಚರ್ಮದ ವಿಷಯಕ್ಕೆ ಬರೋಣ. ತಾಮ್ರದ ಬಿಂದಿಗೆಗೆ ಹುಣಸೆಹಣ್ಣು ಉಜ್ಜಿದರೆ ಥಳಥಳಿಸುವಂತೆ ಮುಖವೂ ಹುಳಿಯಿಂದ ಬೆಳಗುತ್ತದೆ ಎಂಬ ನಂಬಿಕೆ ಬಹಳ ಮಂದಿಯಲ್ಲಿದೆ. ಬಿಂದಿಗೆಯ ಮೇಲೆ ಆಮ್ಲವು ತಾಮ್ರದ ಆಕ್ಸೈಡನ್ನು ಕರಗಿಸುತ್ತದೆ, ಅಡಿಯಲ್ಲಿರುವ ಲೋಹ ಹೊರಗೆ ಕಾಣುತ್ತದೆ. ಚರ್ಮದ ಮೇಲೆ ಕರಗಿಸಬೇಕಾದ ಕೊಳೆ ಇಲ್ಲ. ಹೊರಪದರದಲ್ಲಿ ಹಾಸಿನಂತೆ ಒತ್ತೊತ್ತಾಗಿ ಕೂತಿರುವ ಸತ್ತ ಜೀವಕೋಶಗಳಿವೆ, ಅವುಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವ ಪ್ರೋಟೀನಿನ ಬಂಧಗಳಿವೆ. ಸೂಕ್ತ ಪ್ರಮಾಣದ ಆಲ್ಫಾ ಹೈಡ್ರಾಕ್ಸಿ ಆಮ್ಲ ಆ ಬಂಧಗಳನ್ನು ಸಡಿಲಗೊಳಿಸುತ್ತದೆ; ಬಂಧಕ್ಕೆ ಬೇಕಾದ ಕ್ಯಾಲ್ಸಿಯಂ ಅಯಾನುಗಳನ್ನು ಆಮ್ಲ ಸೆಳೆದುಕೊಳ್ಳುವುದರಿಂದ ಹೀಗಾಗುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆಗಳಲ್ಲಿ ಒಂದು. ಆಗ ಉದುರಬೇಕಾದ ಕೋಶಗಳು ತಡಮಾಡದೆ ಉದುರುತ್ತವೆ.

ಇದನ್ನು ವೈದ್ಯಕೀಯ ಜಗತ್ತಿನ ಗಮನಕ್ಕೆ ತಂದದ್ದು 1974ರ ಒಂದು ಪ್ರಬಂಧ. ಅಮೆರಿಕದ ಫಿಲಡೆಲ್ಫಿಯಾದಲ್ಲಿದ್ದ ಚರ್ಮವೈದ್ಯ ಯೂಜಿನ್ ವ್ಯಾನ್ ಸ್ಕಾಟ್ ಮತ್ತು ರಸಾಯನಶಾಸ್ತ್ರಜ್ಞ ರೂಯಿ ಯೂ ಅವರು ಇಕ್ತಿಯೋಸಿಸ್ ಎಂಬ, ಮೈಮೇಲೆಲ್ಲ ಮೀನಿನ ಹುರುಪೆಯಂತೆ ಚರ್ಮ ಗಟ್ಟಿಯಾಗಿ ಕೂರುವ ಹುಟ್ಟುಕಾಯಿಲೆಯ ರೋಗಿಗಳ ಮೇಲೆ ಅರವತ್ತಕ್ಕೂ ಹೆಚ್ಚು ರಾಸಾಯನಿಕಗಳನ್ನು ಹಚ್ಚಿ ನೋಡಿದಾಗ, ಗುಣ ಕಾಣಿಸಿದ್ದು ಈ ಹುಳಿ ಕುಟುಂಬದ ಆಮ್ಲಗಳಲ್ಲಿ. ಸೌಂದರ್ಯಕ್ಕೂ ಆ ಸಂಶೋಧನೆಗೂ ಸಂಬಂಧವಿರಲಿಲ್ಲ. ಹುರುಪೆ ಕಳಚುವ ಗುಣವೇ ಮುಂದೆ ಮೊಡವೆಗೆ, ಕಲೆಗೆ, ಸುಕ್ಕಿಗೆ ಹಬ್ಬಿ, ಹತ್ತಿಪ್ಪತ್ತು ವರ್ಷಗಳಲ್ಲಿ ದೊಡ್ಡ ವ್ಯಾಪಾರವಾಯಿತು.

ಮೊಡವೆಗೆ ಇದು ಎಲ್ಲಿ ತಾಗುತ್ತದೆ? ಮೊಡವೆ ಆರಂಭವಾಗುವುದು ಕೆಂಪಾಗಿ ಊದುವುದಕ್ಕೆ ಎಷ್ಟೋ ವಾರ ಮೊದಲು, ರೋಮಕೂಪದ ಬಾಯಿಯಲ್ಲಿ. ಅಲ್ಲಿ ಉದುರಿ ಹೊರಬರಬೇಕಾದ ಸತ್ತ ಕೋಶಗಳು ಉದುರದೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಗ್ರಂಥಿಯಿಂದ ಬರುವ ಜಿಡ್ಡು ಅವುಗಳ ಜೊತೆ ಸೇರಿ ಬಿರಡೆಯಾಗುತ್ತದೆ. ಬಾಯಿ ತೆರೆದಿದ್ದರೆ ಬ್ಲ್ಯಾಕ್‌ಹೆಡ್, ಮುಚ್ಚಿದ್ದರೆ ವೈಟ್‌ಹೆಡ್. ಸಂಜೆ ಕಿಟಕಿಯ ಓರೆ ಬೆಳಕಿಗೆ ಮುಖ ಒಡ್ಡಿ ಕನ್ನಡಿ ನೋಡಿಕೊಂಡರೆ ಹಣೆಯ ಮೇಲೆ, ಗದ್ದದ ಬದಿಯಲ್ಲಿ ರವೆಯಷ್ಟು ಸಣ್ಣ, ಚರ್ಮದ ಬಣ್ಣದವೇ ಆದ ಉಬ್ಬುಗಳು ಕಾಣುತ್ತವೆ. ನೇರ ಬೆಳಕಿನಲ್ಲಿ ಅವು ಕಾಣುವುದೇ ಇಲ್ಲ, ಬೆರಳಾಡಿಸಿದರೆ ಮಾತ್ರ ಗೊತ್ತಾಗುತ್ತವೆ. ಈ ಮುಚ್ಚಿದ ಬಿರಡೆಗಳ ಒಳಗೆ ಕ್ಯೂಟಿಬ್ಯಾಕ್ಟೀರಿಯಂ ಆಕ್ನೀಸ್ ಎಂಬ, ಎಲ್ಲರ ಚರ್ಮದಲ್ಲೂ ವಾಸಿಸುವ ಬ್ಯಾಕ್ಟೀರಿಯಾ ಬೆಳೆದು, ದೇಹ ಅದಕ್ಕೆ ಉರಿಯೂತದಿಂದ ಉತ್ತರ ಕೊಟ್ಟಾಗ ನಾವು ಮೊಡವೆ ಎಂದು ಕರೆಯುವ ಕೆಂಪು ಗುಳ್ಳೆ ಏಳುತ್ತದೆ. ಹಣ್ಣಿನ ಆಮ್ಲದ ಕೆಲಸವೇನಿದ್ದರೂ ಬಿರಡೆಯ ಹಂತದಲ್ಲಿ. ಕೆಂಪಾಗಿ, ಕೀವು ತುಂಬಿ ನಿಂತದ್ದರ ಮೇಲೆ ಆಮ್ಲ ಸುರಿಯುವುದರಿಂದ ನೋವು ಹೆಚ್ಚುವುದೇ ಹೊರತು ಬೇರೆ ಲಾಭವಿಲ್ಲ.

ಈಗ ಆ ಹುಡುಗಿಯ ಪ್ರಶ್ನೆ. ಹೆಚ್ಚು ಆಮ್ಲೀಯವಾದದ್ದು ಬೇಗ ಕೆಲಸ ಮಾಡಬೇಕಲ್ಲವೇ? ಆಮ್ಲ ಹೊರಪದರದೊಳಗೆ ಇಳಿಯಬೇಕಾದರೆ ಅದು ಅಯಾನುಗಳಾಗಿ ಒಡೆಯದೆ ಇಡೀ ಅಣುವಾಗಿ ಇರಬೇಕು. ಎಷ್ಟು ಭಾಗ ಹಾಗೆ ಉಳಿದಿರುತ್ತದೆ ಎಂಬುದನ್ನು ಆಮ್ಲದ ಪಿಕೆಎ (ಅರ್ಧ ಆಮ್ಲ ಒಡೆದು ಅರ್ಧ ಒಡೆಯದೆ ಉಳಿಯುವ ಪಿಎಚ್) ಮತ್ತು ದ್ರಾವಣದ ಪಿಎಚ್ ನಿರ್ಧರಿಸುತ್ತವೆ. ಪ್ರಥಮ ಪಿಯುಸಿಯ ಸಮತೋಲನದ ಅಧ್ಯಾಯದಲ್ಲಿ ಬಫರ್ ದ್ರಾವಣಗಳಿಗೆಂದು ಕಲಿಸುವ ಸಮೀಕರಣವೇ ಇದಕ್ಕೆ ಸಾಕು. ಗ್ಲೈಕಾಲಿಕ್ ಆಮ್ಲದ ಪಿಕೆಎ 3.83. ಪಿಎಚ್ 3.5 ಇರುವ ದ್ರಾವಣದಲ್ಲಿ ಅದರ ಶೇ. 68ರಷ್ಟು ಒಡೆಯದೆ ಇರುತ್ತದೆ, ಪಿಎಚ್ 4.5 ಆದರೆ ಉಳಿಯುವುದು ಶೇ. 18 ಮಾತ್ರ. ಅಂದರೆ ಡಬ್ಬಿಯ ಮೇಲೆ ಶೇ. 10 ಎಂದು ಬರೆದು ಪಿಎಚ್ ಅನ್ನು 4.5ಕ್ಕೆ ಇಟ್ಟ ಸೀರಮ್‌ನಲ್ಲಿ ಕೆಲಸಕ್ಕೆ ಬರುವ ಆಮ್ಲ ಶೇ. 1.8, ಶೇ. 5 ಎಂದು ಬರೆದು ಪಿಎಚ್ 3.5ರಲ್ಲಿ ತಯಾರಿಸಿದ್ದರಲ್ಲಿ ಶೇ. 3.4. ದೊಡ್ಡ ಅಂಕಿಯ ಬಾಟಲಿಯೇ ಸೌಮ್ಯ, ಸಣ್ಣ ಅಂಕಿಯದೇ ತೀಕ್ಷ್ಣ. ಶೇಕಡಾವಾರು ನೋಡಿ ಕೊಳ್ಳುವವರಿಗೆ ಇದು ಗೊತ್ತಿರುವುದಿಲ್ಲ, ಗೊತ್ತುಮಾಡಿಕೊಳ್ಳಲು ಬಹಳಷ್ಟು ಡಬ್ಬಿಗಳ ಮೇಲೆ ದಾರಿಯೂ ಇಲ್ಲ.

ಅದೇ ಸಮೀಕರಣವನ್ನು ಅಡುಗೆಮನೆಗೆ ಒಯ್ದರೆ ಇನ್ನಷ್ಟು ಸ್ವಾರಸ್ಯವಿದೆ. ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲ ಶೇ. 1ರ ಆಸುಪಾಸು, ಪಿಎಚ್ 4.5ರ ಹತ್ತಿರ, ಒಡೆಯದೆ ಉಳಿಯುವ ಆಮ್ಲ ಶೇ. 0.2ನ್ನೂ ಮುಟ್ಟುವುದು ಕಷ್ಟ. ಅಜ್ಜಿಯಂದಿರ ಮೊಸರು-ಕಡಲೆಹಿಟ್ಟಿನ ಲೇಪ ಮುಖಕ್ಕೆ ಹಿತವೆನಿಸುವುದೂ ಆ ಕಾರಣಕ್ಕೆ, ಮೊಡವೆಯ ಬಿರಡೆ ಅದರಿಂದ ಸಡಿಲವಾಗದಿರುವುದೂ ಆ ಕಾರಣಕ್ಕೆ. ಅದು ಆರಿದ ಮೇಲೆ ಗಸಗಸ ಉಜ್ಜಿ ತೆಗೆಯುವ ಅಭ್ಯಾಸ ಬಿಟ್ಟರೆ ತಕರಾರು ಮಾಡುವಂಥದ್ದೇನೂ ಅದರಲ್ಲಿಲ್ಲ. ನಿಂಬೆರಸದ್ದು ತದ್ವಿರುದ್ಧ ಕಥೆ. ಶೇ. 5ರಿಂದ 6ರಷ್ಟು ಸಿಟ್ರಿಕ್ ಆಮ್ಲ, ಅದರ ಮೊದಲ ಪಿಕೆಎ 3.13, ರಸದ ಪಿಎಚ್ 2.2ರ ಸುಮಾರು; ಹೆಚ್ಚೂಕಡಿಮೆ ಇಡೀ ಆಮ್ಲ ಒಡೆಯದೆ ಸಿದ್ಧವಾಗಿ ನಿಂತಿರುತ್ತದೆ. ಹುಣಸೆಯ ತಿರುಳಿನಲ್ಲಂತೂ ಟಾರ್ಟಾರಿಕ್ ಆಮ್ಲ ಶೇ. 8ರಿಂದ 18ರವರೆಗೆ ಇರಬಹುದು, ಹಣ್ಣು ಮಾಗಿ ಸಕ್ಕರೆ ಕೂಡಿದರೂ ಆ ಹುಳಿ ಇಳಿಯುವುದಿಲ್ಲ. ಅಮೆರಿಕದಲ್ಲಿ ಸೌಂದರ್ಯವರ್ಧಕಗಳ ಘಟಕಗಳನ್ನು ಪರಿಶೀಲಿಸುವ ತಜ್ಞರ ಮಂಡಳಿಯೊಂದು 1990ರ ದಶಕದ ಕೊನೆಯಲ್ಲಿ ಗ್ಲೈಕಾಲಿಕ್ ಮತ್ತು ಲ್ಯಾಕ್ಟಿಕ್ ಆಮ್ಲಗಳಿಗೆ ಮನೆಬಳಕೆಯ ಮಿತಿಯೆಂದು ಹೇಳಿದ್ದು ಶೇ. 10, ಪಿಎಚ್ 3.5ಕ್ಕೆ ಕಡಿಮೆಯಿಲ್ಲದಂತೆ, ಮತ್ತು ಬಿಸಿಲಿನಿಂದ ರಕ್ಷಣೆಯ ಷರತ್ತಿನೊಂದಿಗೆ. ಆ ಅಳತೆಗೆ ನಿಂಬೆಹೋಳನ್ನು ಹಿಡಿದರೆ ಅದಕ್ಕೆ ಪರವಾನಗಿ ಸಿಗುವುದಿಲ್ಲ. ಸ್ಟ್ರಾಂಗ್ ಎಂದು ಆ ಹುಡುಗಿ ಹೇಳಿದ್ದು ನಿಜವೇ. ಬಂಧಗಳನ್ನು ಸಡಿಲಿಸುವುದಕ್ಕೆ ಅಷ್ಟು ತೀಕ್ಷ್ಣತೆ ಬೇಕಾಗಿಲ್ಲ, ಅದಕ್ಕಿಂತ ಹೆಚ್ಚಾದದ್ದೆಲ್ಲ ಚರ್ಮದ ರಕ್ಷಣಾಪದರವನ್ನು ಕೆಡಿಸುವುದಕ್ಕೇ ಹೋಗುತ್ತದೆ. ಪಪ್ಪಾಯಿಯ ಬಗ್ಗೆಯೂ ಕೇಳುತ್ತಾರೆ. ಅದು ಕೆಲಸ ಮಾಡುವುದು ಪಪೇನ್ ಎಂಬ ಕಿಣ್ವದಿಂದ, ಆಮ್ಲದಿಂದಲ್ಲ, ಆದ್ದರಿಂದ ಈ ಲೆಕ್ಕದೊಳಗೆ ಅದು ಬರುವುದಿಲ್ಲ.

ನಿಂಬೆಯ ಜೊತೆ ಇನ್ನೊಂದು ಅಪಾಯವಿದೆ, ಅದಕ್ಕೂ ಹುಳಿಗೂ ಸಂಬಂಧವಿಲ್ಲ. ನಿಂಬೆಜಾತಿಯ ಹಣ್ಣುಗಳಲ್ಲಿ, ವಿಶೇಷವಾಗಿ ಸಿಪ್ಪೆಯ ಎಣ್ಣೆಯಲ್ಲಿ, ಫ್ಯೂರೋಕೌಮರಿನ್ ಎಂಬ ವಸ್ತುಗಳಿವೆ. ಅವು ಚರ್ಮದ ಮೇಲಿರುವಾಗ ಬಿಸಿಲಿನ ಯುವಿಎ ಕಿರಣ ತಾಗಿದರೆ ಕೋಶಗಳನ್ನು ಸುಡುತ್ತವೆ. ಮೊದಲ ದಿನ ಏನೂ ಗೊತ್ತಾಗದಿರಬಹುದು. ಎರಡು ಮೂರು ದಿನಗಳಲ್ಲಿ ಕೆಂಪು, ಉರಿ, ಕೆಲವರಿಗೆ ಬೊಬ್ಬೆ, ಆಮೇಲೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುವ ಕಂದುಗಪ್ಪು ಕಲೆ. ಹೋಳಿನಿಂದ ನೇರವಾಗಿ ಮುಖ ಉಜ್ಜಿಕೊಳ್ಳುವಾಗ ಸಿಪ್ಪೆಯೂ ತಾಗುತ್ತದೆಯಲ್ಲ. ಕಲೆ ಹೋಗಲಿ ಎಂದು ಬೆಳಿಗ್ಗೆ ನಿಂಬೆ ಉಜ್ಜಿ, ಒಂಬತ್ತು ಗಂಟೆಗೆ ಬಸ್ಸಿಗಾಗಿ ಬಿಸಿಲಿನಲ್ಲಿ ನಿಲ್ಲುವವರಿಗೆ ಹೊಸ ಕಲೆ ಬರುವ ದಾರಿ ಇದು.

ಕಲೆಯ ಮಾತು ಬಂದದ್ದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಮೈಬಣ್ಣದವರಿಗೆ ಮೊಡವೆಗಿಂತ ಅದು ಬಿಟ್ಟುಹೋಗುವ ಕಲೆಯೇ ದೊಡ್ಡ ಸಂಕಟ. ಕಂದು ಚರ್ಮದಲ್ಲಿ ಯಾವುದೇ ಉರಿಯೂತವಾದರೂ, ಅದು ಮೊಡವೆಯಿಂದಿರಲಿ, ಉಗುರಿನಿಂದ ಹಿಸುಕಿದ್ದರಿಂದಿರಲಿ, ತೀಕ್ಷ್ಣ ಆಮ್ಲದಿಂದಿರಲಿ, ಬಣ್ಣದ ಕೋಶಗಳು ಗಾಬರಿಬಿದ್ದು ಹೆಚ್ಚು ಮೆಲನಿನ್ ಸುರಿಸುತ್ತವೆ. ಗುಳ್ಳೆ ವಾರದಲ್ಲಿ ಇಳಿದರೂ ಅದರ ಜಾಗದ ಕಂದು ಚುಕ್ಕೆ ತಿಂಗಳುಗಳ ಕಾಲ ನಿಲ್ಲುತ್ತದೆ. ಬಣ್ಣ ಒಳಪದರಕ್ಕೆ ಇಳಿದಿದ್ದರೆ ಬೂದು ಛಾಯೆಯಾಗಿ ಇನ್ನೂ ದೀರ್ಘಕಾಲ. ಮದುವೆಮನೆಯಲ್ಲಿ ಊಟದ ಪಂಕ್ತಿಯ ಆಚೆಯಿಂದ ಯಾವುದೋ ಅತ್ತೆ “ಏನೇ, ಮುಖವೆಲ್ಲ ಹೀಗಾಗಿದೆ” ಎಂದು ಕೂಗಿ ಕೇಳುವುದು ಈ ಚುಕ್ಕೆಗಳನ್ನು ನೋಡಿಯೇ. ಹಣ್ಣಿನ ಆಮ್ಲಗಳು ಮೊಡವೆಯ ಚರ್ಮಕ್ಕೆ ನಿಜವಾಗಿ ಉಪಕಾರಿಯಾಗುವುದು ಇಲ್ಲಿ, ಬಣ್ಣ ತುಂಬಿದ ಮೇಲ್ಪದರದ ಕೋಶಗಳು ಬೇಗ ಉದುರುವಂತೆ ಮಾಡುವುದರಲ್ಲಿ. ತೊಡಕೆಂದರೆ, ಅದೇ ಆಮ್ಲ ಅತಿಯಾದರೆ ಅದೇ ಬಗೆಯ ಕಲೆಯನ್ನು ತಾನೇ ಹುಟ್ಟುಹಾಕುತ್ತದೆ. ಬಿಳಿ ಚರ್ಮದವರಿಗೆಂದು ಬರೆದ ಸಲಹೆಗಳನ್ನು ನಾವು ಹಾಗೆಯೇ ಪಾಲಿಸಬಾರದು ಎಂದು ನಾನು ಹಟ ಹಿಡಿದು ಹೇಳುವುದು ಇದಕ್ಕಾಗಿ. ಅವರಿಗೆ ಎರಡು ದಿನದ ಕೆಂಪಾಗಿ ಮುಗಿಯುವ ವಿಷಯ ನಮಗೆ ದೀಪಾವಳಿಯಿಂದ ಯುಗಾದಿಯವರೆಗೆ ಉಳಿಯುವ ಗುರುತಾಗಬಹುದು.

ಹಾಗಾಗಿ ಯಾವ ಆಮ್ಲ ಎಂಬ ಆಯ್ಕೆಯೂ ಮುಖ್ಯವಾಗುತ್ತದೆ. ಗ್ಲೈಕಾಲಿಕ್ ಈ ಕುಟುಂಬದ ಅತಿ ಪುಟ್ಟ ಅಣು, ಅಣುತೂಕ 76. ಚಿಕ್ಕದಾದ್ದರಿಂದ ಬೇಗ ಇಳಿಯುತ್ತದೆ, ಬೇಗ ಚುರುಗುಟ್ಟಿಸುತ್ತದೆ. ಲ್ಯಾಕ್ಟಿಕ್‌ನದು 90, ಅದು ತೇವವನ್ನೂ ಹಿಡಿದಿಡುವುದರಿಂದ ಒಣಚರ್ಮದವರಿಗೆ ಒಗ್ಗುತ್ತದೆ. ಮ್ಯಾಂಡೆಲಿಕ್ ಆಮ್ಲದ ತೂಕ 152, ಗ್ಲೈಕಾಲಿಕ್‌ನ ಸರಿಯಾಗಿ ಎರಡು ಪಟ್ಟು. ಅದರಲ್ಲಿ ಬೆಂಜೀನ್ ಉಂಗುರವೂ ಇರುವುದರಿಂದ ಜಿಡ್ಡಿನ ಜೊತೆ ತುಸು ಹೊಂದಿಕೊಳ್ಳುತ್ತದೆ, ನಿಧಾನವಾಗಿ, ಸಮನಾಗಿ ಒಳಗಿಳಿಯುತ್ತದೆ. 2009ರಲ್ಲಿ ಪ್ರಕಟವಾದ ಭಾರತದ್ದೇ ಒಂದು ಅಧ್ಯಯನದಲ್ಲಿ 44 ಮೊಡವೆ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಶೇ. 35ರ ಗ್ಲೈಕಾಲಿಕ್ ಪೀಲ್ (ಆಮ್ಲ ಹಚ್ಚಿ ಚರ್ಮದ ಮೇಲ್ಪದರ ಕಳಚುವ ಚಿಕಿತ್ಸೆ), ಇನ್ನೊಂದಕ್ಕೆ ಶೇ. 20 ಸ್ಯಾಲಿಸಿಲಿಕ್ ಮತ್ತು ಶೇ. 10 ಮ್ಯಾಂಡೆಲಿಕ್ ಸೇರಿಸಿದ ಪೀಲ್ ಮಾಡಿ ಹೋಲಿಸಿದಾಗ, ಏಳುತ್ತಿರುವ ಮೊಡವೆಗೂ ಉಳಿದ ಕಲೆಗೂ ಎರಡನೆಯದೇ ಮೇಲೆನಿಸಿತು. ವೈದ್ಯರ ಕೈಯಲ್ಲಿ ನಡೆದ ಸಣ್ಣ ಅಧ್ಯಯನವದು, ಮನೆಯ ಸೀರಮ್‌ಗೆ ನೇರವಾಗಿ ಅನ್ವಯಿಸಲು ಬರುವುದಿಲ್ಲ. ಆದರೂ ನನ್ನ ಒಲವು ಮ್ಯಾಂಡೆಲಿಕ್‌ನ ಕಡೆಗೇ. ಸಿಟ್ರಿಕ್, ಮಾಲಿಕ್, ಟಾರ್ಟಾರಿಕ್ ಆಮ್ಲಗಳು ಡಬ್ಬಿಯ ಘಟಕಪಟ್ಟಿಯಲ್ಲಿ ಕಾಣಿಸಿದರೆ ಬಹುಮಟ್ಟಿಗೆ ಪಿಎಚ್ ಹೊಂದಿಸಲೆಂದೋ ಹಣ್ಣಿನ ಹೆಸರು ಹೇಳಿಕೊಳ್ಳಲೆಂದೋ ಇರುತ್ತವೆ.

ಮೇಲೆ ಹೇಳಿದ ಸ್ಯಾಲಿಸಿಲಿಕ್ ಆಮ್ಲ ಹಣ್ಣಿನದಲ್ಲ, ವಿಲೋ ಮರದ ತೊಗಟೆಯ ಮೂಲದ್ದು, ಬೇರೆ ಕುಟುಂಬದ್ದು. ಹಣ್ಣಿನ ಆಮ್ಲಗಳು ನೀರಿನಲ್ಲಿ ಕರಗುವಂಥವು, ಹಾಗಾಗಿ ಹೆಚ್ಚಿನ ಕೆಲಸ ಮೇಲ್ಮೈಯಲ್ಲೇ. ಸ್ಯಾಲಿಸಿಲಿಕ್ ಎಣ್ಣೆಯೊಡನೆ ಬೆರೆಯುವುದರಿಂದ ಜಿಡ್ಡು ತುಂಬಿದ ರೋಮಕೂಪದೊಳಕ್ಕೆ ಇಳಿಯಬಲ್ಲದು. ಮೂಗಿನ ಮೇಲೆ ಬ್ಲ್ಯಾಕ್‌ಹೆಡ್ ತುಂಬಿಕೊಂಡ ಎಣ್ಣೆಚರ್ಮದವರು ಹಣ್ಣಿನ ಆಮ್ಲಕ್ಕಿಂತ ಮೊದಲು ಶೇ. 2ರ ಸ್ಯಾಲಿಸಿಲಿಕ್ ಅನ್ನು ಪರಿಗಣಿಸುವುದು ಮೇಲು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುವುದಾದರೆ, ಮೊಡವೆಯ ಚಿಕಿತ್ಸೆಯಲ್ಲಿ ಹಣ್ಣಿನ ಆಮ್ಲಗಳ ಸ್ಥಾನ ಹಿಂದಿನ ಸಾಲಿನಲ್ಲೇ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2020ರಲ್ಲಿ ಮಾಡಿದ ಪರಿಶೀಲನೆ ಇವುಗಳ ಪರವಾಗಿರುವ ಪುರಾವೆಯ ಗುಣಮಟ್ಟ ಕಡಿಮೆ ಎಂದೇ ಹೇಳಿತು. ಅಮೆರಿಕದ ಚರ್ಮವೈದ್ಯರ ಅಕಾಡೆಮಿ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಬಲವಾದ ಶಿಫಾರಸು ಸಿಕ್ಕಿರುವುದು ಬೆಂಜಾಯಿಲ್ ಪೆರಾಕ್ಸೈಡ್ ಮತ್ತು ಅಡಾಪಲೀನ್‌ನಂಥ ರೆಟಿನಾಯ್ಡ್‌ಗಳಿಗೆ (ವಿಟಮಿನ್ ಎ ಬಳಗದ ಔಷಧಗಳಿಗೆ). ಜಾಹೀರಾತು ಈ ಕ್ರಮವನ್ನು ತಲೆಕೆಳಗು ಮಾಡಿ ತೋರಿಸುತ್ತದೆ.

ಬಳಸುವ ಕ್ರಮದ ಬಗ್ಗೆ ನನ್ನ ಅಭ್ಯಾಸವನ್ನಷ್ಟೇ ಹೇಳುತ್ತೇನೆ. ರಾತ್ರಿ ಮಾತ್ರ, ವಾರಕ್ಕೆ ಎರಡು ಸಲ, ಒಣಗಿದ ಮುಖಕ್ಕೆ. ಒದ್ದೆ ಮುಖದ ಮೇಲೆ ಹಚ್ಚಿದರೆ ಉರಿ ಜಾಸ್ತಿ. ಸೋಪಿನಿಂದ ಮುಖ ತೊಳೆಯುವುದನ್ನು ಬಿಟ್ಟಿದ್ದೇನೆ, ಏಕೆಂದರೆ ಸ್ನಾನದ ಸೋಪಿನ ಪಿಎಚ್ 9ರಿಂದ 10, ಚರ್ಮದ್ದು 5ರ ಆಸುಪಾಸು; ಕ್ಷಾರದಿಂದ ಬಿಗಿದ ಮುಖಕ್ಕೆ ಕೂಡಲೇ ಆಮ್ಲ ತಾಗಿಸಿದರೆ ಎರಡೂ ಕಡೆಯಿಂದ ಹೊಡೆತ. ಮೂಗಿನ ಹೊಳ್ಳೆಯ ಬದಿ, ತುಟಿಯ ಅಂಚು, ಕಣ್ಣಿನ ಸುತ್ತ ಮೊದಲೇ ತೆಳ್ಳಗೆ ವ್ಯಾಸಲೀನ್ ಸವರುತ್ತೇನೆ. ಸೀರಮ್ ಜಾರಿ ಬಂದು ನಿಲ್ಲುವುದು, ಮರುದಿನ ಸಿಪ್ಪೆ ಏಳುವುದು ಅಲ್ಲೇ. ಹಚ್ಚಿದಾಗ ಒಂದೆರಡು ನಿಮಿಷ ಸಣ್ಣಗೆ ಚುರುಚುರು ಎನ್ನುವುದು ಸಹಜ. ಉರಿದರೆ ಔಷಧ ಹಿಡಿಯುತ್ತಿದೆ ಎಂದು ಹಲ್ಲು ಕಚ್ಚಿ ಕೂರುವುದು ಮಾತ್ರ ಬೇಡ. ಐದು ನಿಮಿಷವಾದರೂ ಉರಿ ಇಳಿಯದಿದ್ದರೆ ತಣ್ಣೀರಿನಿಂದ ತೊಳೆದುಬಿಡಬೇಕು. ಅಡಾಪಲೀನ್ ಹಚ್ಚುವ ರಾತ್ರಿ ಆಮ್ಲವಿಲ್ಲ, ಆಮ್ಲದ ರಾತ್ರಿ ಅಡಾಪಲೀನ್ ಇಲ್ಲ. ಚರ್ಮದ ಮೇಲ್ಪದರ ಹೊಸದಾಗಲು ಸುಮಾರು ನಾಲ್ಕು ವಾರ ಬೇಕಾಗುವುದರಿಂದ ಎರಡು ತಿಂಗಳ ಮೊದಲು ತೀರ್ಪು ಕೊಡುವುದರಲ್ಲಿ ಅರ್ಥವಿಲ್ಲ. ಆರಂಭದ ವಾರಗಳಲ್ಲಿ ಒಳಗಿದ್ದ ಬಿರಡೆಗಳು ಮೇಲಕ್ಕೆ ಬಂದು ಮೊಡವೆ ಹೆಚ್ಚಿದಂತೆ ಕಾಣಬಹುದು, ಇದನ್ನೇ ಈಗ ಪರ್ಜಿಂಗ್ ಎನ್ನುತ್ತಾರೆ. ಆದರೆ ಎಂದೂ ಮೊಡವೆ ಏಳದ ಜಾಗದಲ್ಲಿ ಹೊಸದಾಗಿ ಗುಳ್ಳೆ, ತುರಿಕೆ ಕಾಣಿಸಿದರೆ ಅದು ಪರ್ಜಿಂಗ್ ಅಲ್ಲ, ಚರ್ಮ ಬೇಡವೆನ್ನುತ್ತಿರುವುದು.

ಸನ್‌ಸ್ಕ್ರೀನ್ ಹಚ್ಚದವರು ಈ ಆಮ್ಲಗಳನ್ನು ಮುಟ್ಟಲೇಬಾರದು ಎಂಬುದರಲ್ಲಿ ನನಗೆ ರಾಜಿಯಿಲ್ಲ. ಗ್ಲೈಕಾಲಿಕ್ ಆಮ್ಲವನ್ನು ನಾಲ್ಕು ವಾರ ಹಚ್ಚಿದವರ ಚರ್ಮ ಯುವಿ ಕಿರಣಕ್ಕೆ ಕೆಂಪಾಗುವ ಪ್ರವೃತ್ತಿ ಶೇ. 18ರಷ್ಟು ಹೆಚ್ಚಿತೆಂದು, ನಿಲ್ಲಿಸಿದ ಒಂದು ವಾರದಲ್ಲಿ ಅದು ಮೊದಲಿನಂತಾಯಿತೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಮಾಡಿಸಿದ ಅಧ್ಯಯನ ತೋರಿಸಿದೆ; 2005ರಿಂದ ಅಲ್ಲಿ ಇಂಥ ಉತ್ಪನ್ನಗಳ ಮೇಲೆ ಬಿಸಿಲಿನ ಎಚ್ಚರಿಕೆ ಅಚ್ಚು ಹಾಕುವಂತೆ ಹೇಳಲಾಗಿದೆ. ಬೆಂಗಳೂರಿನವರಿಗೆ ಇದು ತಲೆಗೆ ಹೋಗುವುದು ಕಷ್ಟ. ಸಮುದ್ರಮಟ್ಟದಿಂದ ಒಂಬೈನೂರು ಮೀಟರ್‌ಗಿಂತ ಎತ್ತರದಲ್ಲಿ ಕೂತು, ಗಾಳಿ ತಂಪಾಗಿರುವುದರಿಂದ ಬಿಸಿಲೇ ಇಲ್ಲವೆಂದುಕೊಳ್ಳುತ್ತಾರೆ. ಮಂಗಳೂರಿನ ಸೆಕೆ ಎಚ್ಚರಿಸುವಂತೆ ಇಲ್ಲಿನ ಹವೆ ಎಚ್ಚರಿಸುವುದಿಲ್ಲ, ಆದರೆ ಯುವಿ ಕಿರಣಕ್ಕೂ ಸೆಕೆಗೂ ನಂಟಿಲ್ಲ. ಸ್ಕೂಟರ್ ಮೇಲೆ ಬರುವ ನಮ್ಮ ಹುಡುಗಿಯರು ಕಣ್ಣು, ಹಣೆ ಬಿಟ್ಟು ಉಳಿದ ಮುಖಕ್ಕೆಲ್ಲ ದುಪಟ್ಟಾ ಸುತ್ತಿಕೊಳ್ಳುವುದನ್ನು ನೋಡಿ ನಗುವವರಿದ್ದಾರೆ. ಒತ್ತಾದ ನೇಯ್ಗೆಯ ಹತ್ತಿ ಬಟ್ಟೆ ಒಳ್ಳೆಯ ರಕ್ಷಣೆಯೇ, ದಿನವೂ ಒಗೆದದ್ದಾಗಿದ್ದರೆ. ಹಣೆ ಮತ್ತು ಮೂಗಿನ ಮೇಲ್ಭಾಗ ಅದರಿಂದ ಹೊರಗೆ ಉಳಿಯುತ್ತವೆ, ಅಲ್ಲಿಗೆ ಸನ್‌ಸ್ಕ್ರೀನ್ ಬೇಕೇ ಬೇಕು.

ಬ್ಯೂಟಿ ಪಾರ್ಲರ್‌ಗಳಲ್ಲಿ ಫ್ರೂಟ್ ಪೀಲ್ ಎಂದು ಮಾಡುವುದರ ಬಗ್ಗೆ ಹೆಚ್ಚು ಹೇಳಲಾರೆ. ಬಾಟಲಿಯಲ್ಲಿರುವುದು ಯಾವ ಆಮ್ಲ, ಎಷ್ಟು ಶೇಕಡಾ, ಎಷ್ಟು ನಿಮಿಷ ಎಂದು ಕೇಳಿ. ಉತ್ತರ ಬರದಿದ್ದರೆ ಎದ್ದು ಬನ್ನಿ. ತೀವ್ರ ಮೊಡವೆಗೆ ವೈದ್ಯರು ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಯಾವ ಪೀಲ್‌ಗೂ ಮುಖ ಒಡ್ಡಬಾರದು.

ಅದಕ್ಕಿಂತ ನನ್ನನ್ನು ಕಾಡುವುದು ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ ಕಲೆ ಹೋಗಲಾಡಿಸುವ ಟ್ಯೂಬ್‌ಗಳು. ಅವುಗಳಲ್ಲಿ ಅನೇಕವು ಸ್ಟೀರಾಯ್ಡ್ ಬೆರೆತವು. ಹಚ್ಚಿದ ವಾರದಲ್ಲೇ ಕೆಂಪು ಇಳಿದು ಮುಖ ತಿಳಿಯಾಗುತ್ತದೆ, ನಿಲ್ಲಿಸಿದ ಕೂಡಲೇ ಮೊದಲಿಗಿಂತ ಕೆಟ್ಟದಾಗಿ ಮೊಡವೆ ಸಿಡಿಯುತ್ತದೆ, ಚರ್ಮ ತೆಳುವಾಗಿ ಸಣ್ಣ ರಕ್ತನಾಳಗಳು ಕಾಣತೊಡಗುತ್ತವೆ. ದೇಶದ ಚರ್ಮವೈದ್ಯರ ಸಂಘ ಇದರ ವಿರುದ್ಧ ಕಾರ್ಯಪಡೆಯನ್ನೇ ಕಟ್ಟಬೇಕಾಗಿ ಬಂತು. ಹಾಗೆ ತೆಳುವಾದ ಚರ್ಮದ ಮೇಲೆ ಶೇ. 10ರ ಗ್ಲೈಕಾಲಿಕ್ ಬಿದ್ದರೆ ಏನಾಗುತ್ತದೆಂದು ಊಹಿಸುವುದು ಕಷ್ಟವಲ್ಲ. ಸೀರಮ್ ತಡೆಯುತ್ತಿಲ್ಲ, ಸಿಕ್ಕಾಪಟ್ಟೆ ಉರಿಯುತ್ತದೆ ಎಂದು ಬರುವ ಹುಡುಗಿಯರನ್ನು ನಾನು ಮೊದಲು ಕೇಳುವುದು ಸೀರಮ್‌ನ ಹೆಸರನ್ನಲ್ಲ, ಅದಕ್ಕೂ ಮೊದಲು ಏನು ಹಚ್ಚುತ್ತಿದ್ದರು ಎಂಬುದನ್ನು.

ಆಳದಲ್ಲಿ ಗಂಟುಗಟ್ಟಿ ನೋಯುವ ಮೊಡವೆ, ಗುಣಿ ಬೀಳುತ್ತಿರುವ ಮೊಡವೆ, ಮುಟ್ಟಿನ ಏರುಪೇರು ಮತ್ತು ಗದ್ದದ ಕೂದಲಿನ ಜೊತೆ ಬರುವ ಮೊಡವೆ, ಇವು ಯಾವುವೂ ಹಣ್ಣಿನ ಆಮ್ಲದ ವ್ಯಾಪ್ತಿಯಲ್ಲಿಲ್ಲ. ಅದಕ್ಕೆ ಚರ್ಮವೈದ್ಯರೇ ಬೇಕು. ಖಾಸಗಿ ಕ್ಲಿನಿಕ್ಕಿನ ಖರ್ಚಿಗೆ ಹೆದರಿ ಮುಂದೂಡುವವರಿಗೆ ಬೆಂಗಳೂರಿನ ವಿಕ್ಟೋರಿಯಾ, ಬೌರಿಂಗ್, ಮೈಸೂರಿನ ಕೆ.ಆರ್. ಆಸ್ಪತ್ರೆ, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಇಂಥ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿದರೆ ಸಾಲು ಉದ್ದವಿದ್ದರೂ ಅಂದೇ ನೋಡಿಸಿಕೊಂಡು ಬರಬಹುದು. ಹೋಗುವಾಗ ಮುಖಕ್ಕೆ ಹಚ್ಚುತ್ತಿರುವ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ಗೆಳತಿ ಕೊಟ್ಟ ಅರ್ಧ ಮುಗಿದ ಟ್ಯೂಬನ್ನೂ ಬಿಡದೆ. ಡಬ್ಬಿಯಿಲ್ಲದ ನಿಂಬೆರಸ, ಟೂತ್‌ಪೇಸ್ಟ್‌ಗಳ ವಿಷಯವನ್ನು ಬಾಯಿಬಿಟ್ಟೇ ಹೇಳಬೇಕು. ಕೇಳದಿದ್ದರೆ ಹೇಳುವವರು ಕಡಿಮೆ, ಗದ್ದಲದ ಒಪಿಡಿಯಲ್ಲಿ ಕೇಳಲು ವೈದ್ಯರಿಗೆ ಪುರುಸೊತ್ತೂ ಕಡಿಮೆ.